ಹಳೆಯ ಗ್ಯಾಸ್ ಗ್ರಿಲ್ ಮನೆಗೆ ತರುವ ಮುನ್ನ

ಬಕ್ರೀದ್ ಹತ್ತಿರವಾದಂತೆ ಕಲಬುರಗಿಯ ಮನೆಗಳ ಮಾಳಿಗೆಯ ಮೇಲೆ ಸೀಖ್‌ಗಳು ಹೊರಬರುತ್ತವೆ. ಮೊದಲು ಇದ್ದಿಲಿನ ಶಿಗಡಿಯೊಂದಿದ್ದರೆ ಸಾಕಿತ್ತು. ಈಗ ಅನೇಕ ಕುಟುಂಬಗಳು ಗ್ಯಾಸ್ ಗ್ರಿಲ್‌ನತ್ತ ನೋಡುತ್ತಿವೆ. ಮೂರು ನಾಲ್ಕು ಬರ್ನರ್, ಸ್ಟೀಲ್ ಮೈ, ದಪ್ಪ ಮುಚ್ಚಳ, ಮುಚ್ಚಳದ ಮೇಲೆ ಉಷ್ಣಮಾಪಕ ಇರುವ ಒಳ್ಳೆಯ ಗ್ರಿಲ್ ಹೊಸದಾಗಿ ಕೊಳ್ಳಲು ಸಾಮಾನ್ಯ ಸಂಸಾರಕ್ಕೆ ಕೈಗೆಟುಕುವುದಿಲ್ಲ. ಆದ್ದರಿಂದ ಹಳೆಯದನ್ನು ಹುಡುಕುವವರು ಹೆಚ್ಚಾಗಿದ್ದಾರೆ. ಬಾಗಿಲು ಮುಚ್ಚಿದ ಹೋಟೆಲಿನ ಸಾಮಾನುಗಳ ಜೊತೆ ಒಂದು ಗ್ರಿಲ್ ಮಾರಾಟಕ್ಕೆ ಬರುತ್ತದೆ. ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ ಮನೆ ಬದಲಿಸುವವರು ವೆಬರ್‌ನಂಥ ವಿದೇಶಿ ಕಂಪನಿಯ ಗ್ರಿಲ್ ಅನ್ನು ಅರ್ಧ ಬೆಲೆಗೆ ಕೊಟ್ಟುಬಿಡುತ್ತಾರೆ. ಕೊಲ್ಲಿ ದೇಶಗಳಿಂದ ಸಂಸಾರ ಸಮೇತ ಮರಳಿದವರ ಸಾಮಾನಿನಲ್ಲೂ ಒಮ್ಮೊಮ್ಮೆ ಇರುತ್ತದೆ.

"ಡಾಕ್ಟರ್ ಸಾಬ್, ಹಳೇ ಗ್ರಿಲ್ ತಗೋಬಹುದಾ? ಅದರಲ್ಲಿ ಮಾಡಿದ್ದು ತಿಂದ್ರೆ ಏನೂ ಆಗಲ್ಲ ತಾನೇ?" ಎಂದು ದವಾಖಾನೆಗೆ ಬರುವವರು ಕೇಳುತ್ತಾರೆ. ಉತ್ತರ ಒಂದೇ ಮಾತಿನದು: ಗ್ರಿಲ್‌ನ ಮೈ ಹಳೆಯದಾಗಿದ್ದರೆ ಅಡ್ಡಿಯಿಲ್ಲ, ಆದರೆ ಗ್ಯಾಸ್ ಹರಿಯುವ ಪೈಪ್, ರೆಗ್ಯುಲೇಟರ್ ಮತ್ತು ಮಾಂಸ ತಾಗುವ ಜಾಲರಿ ಹೊಸದಾಗಿರಬೇಕು ಅಥವಾ ಹೊಸದರಷ್ಟೇ ನಂಬಿಕೆಗೆ ಅರ್ಹವಾಗಿರಬೇಕು. ಇದನ್ನು ಪಾಲಿಸಿದರೆ ಹಳೆಯ ಗ್ರಿಲ್ ಲಾಭದ ವ್ಯವಹಾರ. ಪಾಲಿಸದಿದ್ದರೆ ಉಳಿಸಿದ ಹಣ ಆಸ್ಪತ್ರೆಗೆ ಹೋಗುತ್ತದೆ.

ಇದು ನಮಗೆ ಹೊಸ ವಿಚಾರವೂ ಅಲ್ಲ. ಅಜ್ಜಿಯ ಕಾಲದ ತಾಮ್ರದ ದೇಗನ್ನು ನಾವು ಗುಜರಿಗೆ ಹಾಕುವುದಿಲ್ಲ. ಕಲಾಯಿಯವನನ್ನು ಕರೆದು ಒಳಮೈಗೆ ತವರ ಹಚ್ಚಿಸಿ ಮತ್ತೆ ಬಿರಿಯಾನಿಗೆ ಇಳಿಸುತ್ತೇವೆ. ಆದರೆ ಕಲಾಯಿ ಹೋದ ದೇಗಿನಲ್ಲಿ ಹುಣಸೆಹುಳಿ ಕುದಿಸುವುದಿಲ್ಲ. ಗ್ರಿಲ್‌ಗೂ ಅದೇ ವಿವೇಕ ಬೇಕು.

ಇದು ಆರೋಗ್ಯದ ಪುಟದಲ್ಲೇಕೆ?

ಆರೋಗ್ಯ ಉಳಿಯಲು ಆರು ಸಂಗತಿಗಳು ಸರಿಯಾಗಿರಬೇಕು ಎಂದು ಯುನಾನಿ ವೈದ್ಯಶಾಸ್ತ್ರ ಹೇಳುತ್ತದೆ. ಇವಕ್ಕೆ ಅಸ್ಬಾಬೆ ಸಿತ್ತಾ ಜರೂರಿಯಾ ಎಂದು ಹೆಸರು. ಸುತ್ತಲಿನ ಗಾಳಿ, ಅನ್ನ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಈ ಪಟ್ಟಿಯಲ್ಲಿ ಮೊದಲನೆಯದು ಗಾಳಿ, ಎರಡನೆಯದು ಆಹಾರ. ಗ್ರಿಲ್ ಎಂಬ ವಸ್ತು ಏಕಕಾಲಕ್ಕೆ ಎರಡನ್ನೂ ಮುಟ್ಟುತ್ತದೆ. ಅದರ ಬೆಂಕಿ ಕೆಟ್ಟರೆ ಗಾಳಿ ಕೆಡುತ್ತದೆ, ಜಾಲರಿ ಕೆಟ್ಟರೆ ಆಹಾರ ಕೆಡುತ್ತದೆ. ಹಾಗಾಗಿ ಇದು ಮೆಕ್ಯಾನಿಕ್ ಒಬ್ಬನ ಚಿಂತೆ ಮಾತ್ರವಲ್ಲ.

ಕೊಳ್ಳುವ ಮುನ್ನ ಹಗಲಿನಲ್ಲಿ ನೋಡಿ

ಸಂಜೆಗತ್ತಲಲ್ಲಿ, ಮಾರುವವನ ಅವಸರಕ್ಕೆ ಸಿಕ್ಕಿ ವ್ಯವಹಾರ ಮುಗಿಸಬೇಡಿ. ಹಗಲಿನಲ್ಲಿ ಹೋಗಿ. ಜೊತೆಗೊಂದು ಅಯಸ್ಕಾಂತ, ಟಾರ್ಚ್, ಹಳೆಯ ಬಟ್ಟೆ ಇರಲಿ.

ಮೊದಲು ಮೈ ನೋಡಿ. ಒಳ್ಳೆಯ ಗ್ರಿಲ್‌ಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರುತ್ತದೆ. ಇದರಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಸೇರಿರುವುದರಿಂದ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಅಯಸ್ಕಾಂತ ಇದಕ್ಕೆ ಅಂಟುವುದು ಅಪರೂಪ. ಬಾಗಿಸಿದ ಅಂಚುಗಳಲ್ಲಿ ಮಾತ್ರ ಸ್ವಲ್ಪ ಎಳೆದೀತು. 430 ದರ್ಜೆಯ ಅಗ್ಗದ ಸ್ಟೀಲ್‌ಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಅದೂ ಬಳಸಲು ಬರುತ್ತದೆ, ಆದರೆ ಮಳೆ ತೇವಕ್ಕೆ ಬೇಗ ಕೆಡುತ್ತದೆ. ಬೆಲೆ ಮಾತಾಡುವಾಗ ಈ ವ್ಯತ್ಯಾಸ ನೆನಪಿರಲಿ.

ಮುಚ್ಚಳ ಎತ್ತಿ ಒಳಭಾಗ ನೋಡಿ. ಕಪ್ಪು ಹಪ್ಪಳದಂತೆ ಪದರ ಎದ್ದಿದ್ದರೆ ಬಣ್ಣ ಕಿತ್ತುಬರುತ್ತಿದೆ ಎಂದು ಹೆದರಬೇಡಿ. ಒಳ್ಳೆಯ ಕಂಪನಿಯ ಗ್ರಿಲ್‌ಗಳ ಮುಚ್ಚಳದ ಒಳಗೆ ಸಾಮಾನ್ಯವಾಗಿ ಬಣ್ಣ ಬಳಿದಿರುವುದಿಲ್ಲ. ಅದು ವರ್ಷಗಟ್ಟಲೆ ಕಟ್ಟಿದ ಹೊಗೆ ಮತ್ತು ಜಿಡ್ಡಿನ ಮಸಿ, ಉಜ್ಜಿದರೆ ಹೋಗುತ್ತದೆ. ನಿಜಕ್ಕೂ ಹೆದರಬೇಕಾದದ್ದು ತಳದ ತುಕ್ಕಿಗೆ. ತಳಕ್ಕೆ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿ. ಬೆಳಕು ತೂತಿನಿಂದ ಇಣುಕಿದರೆ ಬಿಸಿ ಜಿಡ್ಡು ನೇರವಾಗಿ ಕೆಳಗಿನ ಗ್ಯಾಸ್ ಪೈಪ್ ಮೇಲೆ ಬೀಳುತ್ತದೆ ಎಂದರ್ಥ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಮಾಂಸ ಇಡುವ ಜಾಲರಿ ಮೂರು ಬಗೆಯದಿರುತ್ತದೆ. ಬರಿಯ ಸ್ಟೀಲ್ ಸರಳುಗಳಿದ್ದರೆ ಉಜ್ಜಿ ಬಳಸಬಹುದು. ಬೀಡು ಕಬ್ಬಿಣದ್ದಾದರೆ ದೋಸೆ ಹಂಚಿನಂತೆ ತುಕ್ಕು ಉಜ್ಜಿ, ಎಣ್ಣೆ ಸವರಿ, ಕಾಯಿಸಿ ಮತ್ತೆ ಪಳಗಿಸಬಹುದು. ಆದರೆ ಗಾಜಿನಂಥ ಎನಾಮೆಲ್ ಲೇಪವಿದ್ದು ಅದು ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಆ ಜಾಲರಿ ಬೇಡ. ಚೂರುಗಳು ಮಾಂಸಕ್ಕೆ ಅಂಟಿ ಬಾಯಿಗೆ ಬರುತ್ತವೆ. ಮಿನುಗುವ ಕ್ರೋಮ್ ಲೇಪ ಸುಲಿದಿರುವ ತಂತಿ ಜಾಲರಿಯೂ ಬೇಡ. ಅದರ ಬದಲು ಸ್ಥಳೀಯ ಸ್ಟೀಲ್ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 304 ಸ್ಟೀಲ್ ಸರಳಿನಿಂದ ಅಳತೆಗೆ ತಕ್ಕ ಜಾಲರಿ ಮಾಡಿಸಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಖರ್ಚು ಉಳಿಸಲು ಕೆಲವರು ಹಳೆಯ ಫ್ರಿಜ್‌ನ ತಟ್ಟೆಯನ್ನೋ ಜಿ.ಐ. ತಂತಿಯ ಬಲೆಯನ್ನೋ ಕತ್ತರಿಸಿ ಇಡುತ್ತಾರೆ. ಹಳೆಯ ಫ್ರಿಜ್ ತಟ್ಟೆಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಅದು ಮೂತ್ರಪಿಂಡಕ್ಕೆ ವಿಷ. ಜಿ.ಐ. ಎಂದರೆ ಸತುವಿನ ಲೇಪ. ನಿಂಬೆ, ಮೊಸರು, ಸಿರ್ಕಾ ಹಚ್ಚಿದ ಮಾಂಸ ಅದರ ಮೇಲೆ ಕುಳಿತರೆ ಹುಳಿಗೆ ಸತು ಕರಗಿ ಆಹಾರಕ್ಕೆ ಇಳಿಯುತ್ತದೆ, ವಾಂತಿ ಹೊಟ್ಟೆನೋವು ತರುತ್ತದೆ.

ಗ್ಯಾಸ್ ಹರಿಯುವ ದಾರಿ

ಗ್ರಿಲ್ ಜೊತೆ ಬಂದ ಹಳೆಯ ರಬ್ಬರ್ ಪೈಪ್ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ. ಐ.ಎಸ್.ಐ. ಗುರುತಿನ, ಒಳಗೆ ತಂತಿಯ ಬಲವಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಅನ್ನು ನಿಮ್ಮ ಗ್ಯಾಸ್ ಏಜೆನ್ಸಿಯಿಂದ ಹೊಸದಾಗಿ ತನ್ನಿ. ಅದರ ಆಯುಷ್ಯ 5 ವರ್ಷ. ತಯಾರಿಕೆಯ ಇಸವಿ ಪೈಪ್ ಮೇಲೇ ಅಚ್ಚಾಗಿರುತ್ತದೆ. ಉದ್ದ ಒಂದೂವರೆ ಮೀಟರ್ ಮೀರಬಾರದು, ನಡುವೆ ಜೋಡಣೆ ಇರಬಾರದು, ಗ್ರಿಲ್‌ನ ಬಿಸಿ ತಳಕ್ಕೆ ತಾಗಬಾರದು.

ರೆಗ್ಯುಲೇಟರ್ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಹೊರದೇಶದ ಗ್ರಿಲ್‌ನ ರೆಗ್ಯುಲೇಟರ್ ನಮ್ಮ ಸಿಲಿಂಡರ್ ಬಾಯಿಗೆ ಕೂರುವುದಿಲ್ಲ. ಯಾರೋ ಲೇತ್‌ನಲ್ಲಿ ಕಡೆದು ಕೂರಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಹೋಟೆಲಿನಿಂದ ಬಂದದ್ದರಲ್ಲಿ ಬೇರೆ ತೊಂದರೆ. ಅಲ್ಲಿ ಬಳಸುವುದು 19 ಕಿಲೋದ ವಾಣಿಜ್ಯ ಸಿಲಿಂಡರ್, ಅನೇಕ ಕಡೆ ಹೆಚ್ಚು ಒತ್ತಡದ ರೆಗ್ಯುಲೇಟರ್. ಮನೆಯ 14.2 ಕಿಲೋ ಸಿಲಿಂಡರ್‌ನ ರೆಗ್ಯುಲೇಟರ್ ಕಡಿಮೆ ಒತ್ತಡದ್ದು. ಒಂದಕ್ಕೆ ಮಾಡಿದ ಬರ್ನರ್ ಅನ್ನು ಇನ್ನೊಂದಕ್ಕೆ ಹಾಗೆಯೇ ಜೋಡಿಸಿದರೆ ಜ್ವಾಲೆ ಒಂದೋ ಕುಂಟುತ್ತದೆ, ಇಲ್ಲವೇ ಎದ್ದು ಬರುತ್ತದೆ. ನೆನಪಿರಲಿ, ಮನೆಯ ಸಿಲಿಂಡರ್ ಅನ್ನು ಕಬಾಬ್ ಅಂಗಡಿಗೆ ಬಳಸುವುದು ಕಾನೂನಿಗೂ ವಿರುದ್ಧ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಗ್ರಿಲ್ ಸಿಲಿಂಡರ್ ಗ್ಯಾಸ್‌ಗೆ ಮಾಡಿದ್ದೋ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಮಾಡಿದ್ದೋ? ಒಂದೇ ಅಳತೆಯ ಗ್ಯಾಸ್‌ನಲ್ಲಿ ಸಿಲಿಂಡರ್ ಗ್ಯಾಸ್‌ಗೆ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು ಶಾಖವಿದೆ. ಆದ್ದರಿಂದ ನೈಸರ್ಗಿಕ ಅನಿಲದ ಗ್ರಿಲ್‌ನ ಜೆಟ್ ತೂತು ದೊಡ್ಡದಿರುತ್ತದೆ. ಅದಕ್ಕೆ ಸಿಲಿಂಡರ್ ಹಚ್ಚಿದರೆ ಬೆಂಕಿ ಕೈಮೀರುತ್ತದೆ. ಯಾವ ಅನಿಲಕ್ಕೆ ಎಂಬುದು ಗ್ರಿಲ್‌ನ ಬೆನ್ನಿಗೆ ಅಥವಾ ಒಳಬಾಗಿಲಿಗೆ ಅಂಟಿಸಿದ ಫಲಕದಲ್ಲಿ ಬರೆದಿರುತ್ತದೆ. ಫಲಕ ಕಿತ್ತುಹೋಗಿದ್ದರೆ, ಮಾರುವವನಿಗೂ ಗೊತ್ತಿಲ್ಲದಿದ್ದರೆ, ಬಿಟ್ಟು ಬನ್ನಿ.

ಎಲ್ಲ ಜೋಡಿಸಿದ ಮೇಲೆ ನಾಬ್‌ಗಳೆಲ್ಲ ಮುಚ್ಚಿರುವಾಗ ಸಿಲಿಂಡರ್ ತೆರೆದು, ಪ್ರತಿ ಜೋಡಣೆಗೂ ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವ ದುಸ್ಸಾಹಸ ಬೇಡ. ಸಿಲಿಂಡರ್ ಗ್ಯಾಸ್‌ಗೆ ತನ್ನದೇ ವಾಸನೆಯಿಲ್ಲ. ನಮ್ಮನ್ನು ಎಚ್ಚರಿಸಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತು ಬೆರೆಸುತ್ತಾರೆ. ಆ ವಾಸನೆ ಬಂದರೆ ಸಿಲಿಂಡರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ದೂರ ಸರಿದು, ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಿ.

ಕಮಲಾಪುರದ ಸಹೋದರರು

ಬರ್ನರ್ ಕೊಳವೆ ಎಂಬ ಸಣ್ಣ ಭಾಗವನ್ನು ಯಾರೂ ನೋಡುವುದಿಲ್ಲ. ಅದೇ ಅನಾಹುತದ ಮೂಲ ಎಂಬುದಕ್ಕೆ ನಾನು ಕಂಡ ಒಂದು ಘಟನೆ ಹೇಳುತ್ತೇನೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಒಮ್ಮೆ ಇಬ್ಬರು ಸಹೋದರರು ಬಂದರು. ಚಿಕ್ಕವನ ಹುಬ್ಬು, ಮುಂಗೂದಲು ಸುಟ್ಟಿದ್ದವು. ಬಲಗೈ ಮೇಲೆ ಬೊಬ್ಬೆ, ಬೊಬ್ಬೆಯ ಮೇಲೆ ದಪ್ಪಗೆ ಟೂತ್‌ಪೇಸ್ಟ್. ಮುಚ್ಚಿದ ಹೋಟೆಲೊಂದರಿಂದ ಕೊಂಡ ಗ್ರಿಲ್ ಒಂದು ಮಳೆಗಾಲವಿಡೀ ತೋಟದ ಶೆಡ್‌ನಲ್ಲಿ ಇತ್ತಂತೆ. ಮನೆಯಲ್ಲಿ ಅಕೀಖಾ ಇತ್ತು. ಗ್ರಿಲ್ ಹೊರಗೆ ತಂದು, ಮುಚ್ಚಳ ಹಾಕಿದಂತೆಯೇ ನಾಬ್ ತಿರುಗಿಸಿದ್ದಾನೆ. ಕಿಡಿ ಹತ್ತಲಿಲ್ಲ. ಮತ್ತೆ ಮತ್ತೆ ತಿರುಗಿಸಿದ್ದಾನೆ. ನಾಲ್ಕನೆಯ ಸಲ ಲೈಟರ್ ಹಿಡಿದಾಗ ಒಳಗೆ ತುಂಬಿದ್ದ ಗ್ಯಾಸ್ ಒಮ್ಮೆಲೇ ಹೊತ್ತಿ ಮುಚ್ಚಳವನ್ನು ಎತ್ತಿ ಹಾಕಿದೆ.

ಕೈಯನ್ನು ಹರಿಯುವ ನೀರಿನಡಿ ಹಿಡಿಸಿ, ಪೇಸ್ಟ್ ತೊಳೆಸಿ, ಸುಟ್ಟಗಾಯದ ಚಿಕಿತ್ಸೆ ಇರುವ ಆಸ್ಪತ್ರೆಗೆ ಅಂದೇ ಕಳುಹಿಸಿದೆ. ಕಣ್ಣಿಗೆ ಏನೂ ಆಗಿರಲಿಲ್ಲ, ಅಲ್ಲಾಹನ ಕೃಪೆ. ನಂತರ ಅಡುಗೆ ಗುತ್ತಿಗೆದಾರರ ಒಲೆಗಳನ್ನು ರಿಪೇರಿ ಮಾಡುವವರೊಬ್ಬರು ಗ್ರಿಲ್ ಬಿಚ್ಚಿದರು. ಬರ್ನರ್ ಕೊಳವೆಯ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗ್ಯಾಸ್ ಮುಂದೆ ಹೋಗಲಾಗದೆ ಹಿಂದಕ್ಕೆ, ನಾಬ್‌ಗಳ ಕಡೆಗೇ ಹೊರಳಿತ್ತು.

ಇದು ಅಪರೂಪದ ಸಂಗತಿ ಎಂದುಕೊಳ್ಳಬೇಡಿ. ಜೇಡ, ಕಣಜಗಳಿಗೆ ಆ ಕೊಳವೆ ಇಷ್ಟದ ಜಾಗ. ಅದಕ್ಕೇ ಒಳ್ಳೆಯ ಕಂಪನಿಗಳು ಗಾಳಿ ಬರುವ ಬಾಯಿಗೆ ಸಣ್ಣ ಬಲೆ ಹಾಕಿರುತ್ತವೆ. ಹಳೆಯ ಗ್ರಿಲ್ ತಂದ ದಿನವೇ ಬರ್ನರ್‌ಗಳನ್ನು ಹೊರತೆಗೆದು, ಉದ್ದನೆಯ ಬಾಟಲಿ ಬ್ರಷ್‌ನಿಂದ ಕೊಳವೆ ಉಜ್ಜಿ, ಒಂದು ತುದಿಗೆ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿ. ಬರ್ನರ್ ತೂತುಗಳನ್ನು ಮರದ ಕಡ್ಡಿಯಿಂದ ಬಿಡಿಸಿ. ಮೊಳೆ ಹಾಕಿ ತೂತು ದೊಡ್ಡದು ಮಾಡಬೇಡಿ. ಎರಡು ತೂತು ಒಂದಾಗುವಷ್ಟು ತುಕ್ಕು ತಿಂದಿದ್ದರೆ ಆ ಬರ್ನರ್ ಬದಲಿಸಲೇಬೇಕು.

ಹೊತ್ತಿಸುವ ಕ್ರಮವೂ ಮನೆಮಂದಿಗೆಲ್ಲ ಗೊತ್ತಿರಲಿ. ಮೊದಲು ಮುಚ್ಚಳ ಪೂರ್ತಿ ತೆರೆಯಿರಿ, ಮುಖ ದೂರವಿಡಿ, ಒಂದೇ ಬರ್ನರ್ ತೆರೆದು ಹೊತ್ತಿಸಿ. ಐದು ಸೆಕೆಂಡಿನಲ್ಲಿ ಹೊತ್ತದಿದ್ದರೆ ಎಲ್ಲ ಮುಚ್ಚಿ, ಮುಚ್ಚಳ ತೆರೆದೇ ಇಟ್ಟು ಐದು ನಿಮಿಷ ಕಾಯಿರಿ. ಸಡಿಲ ದುಪಟ್ಟಾ, ಜುಬ್ಬಾದ ಉದ್ದ ತೋಳು ಬೆಂಕಿಯಿಂದ ದೂರವಿರಲಿ, ಮಕ್ಕಳು ಇನ್ನೂ ದೂರವಿರಲಿ.

ಆ ಸಹೋದರರು ಗ್ರಿಲ್ ಅನ್ನು ಗುಜರಿಗೆ ಹಾಕಲಿಲ್ಲ. ಪೈಪ್, ರೆಗ್ಯುಲೇಟರ್, ಎರಡು ಬರ್ನರ್ ಹೊಸದು ಹಾಕಿಸಿದರು. ಈಗ ಅದು ನೀಲಿ ಜ್ವಾಲೆಯಲ್ಲಿ ಉರಿಯುತ್ತಿದೆ. ಜ್ವಾಲೆಯ ಬಣ್ಣವೇ ಗ್ರಿಲ್‌ನ ನಾಡಿ ಎನ್ನಿ. ನೀಲಿಯಾಗಿದ್ದು ತುದಿ ಮಾತ್ರ ತುಸು ಹಳದಿಯಿದ್ದರೆ ಸರಿ. ಪೂರ್ತಿ ಹಳದಿಯಾಗಿ ಕುಣಿಯುತ್ತಾ ಮಸಿ ಬಿಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಗ್ಯಾಸ್ ಪೂರ್ತಿ ಸುಡುತ್ತಿಲ್ಲ.

ತೊಳೆಯುವುದು ಹೇಗೆ?

ಮೊದಲು ಸಿಲಿಂಡರ್ ಬೇರ್ಪಡಿಸಿ. ಬಿಚ್ಚಬಹುದಾದ ಜಾಲರಿ, ತಟ್ಟೆ, ಬರ್ನರ್ ಮೇಲಿನ ಶಾಖದ ಪಟ್ಟಿಗಳನ್ನೆಲ್ಲ ಹೊರತೆಗೆಯಿರಿ. ಒಣ ಮಸಿಯನ್ನು ಮರದ ಅಥವಾ ಪ್ಲಾಸ್ಟಿಕ್ ಹಲಗೆಯಿಂದ ಕೆರೆದು ತೆಗೆಯಿರಿ. ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಅಡುಗೆ ಸೋಡಾ ಸಾಕು. ಭಾಗಗಳನ್ನು ರಾತ್ರಿಯಿಡೀ ನೆನೆಸಿಟ್ಟರೆ ತೆಂಗಿನ ನಾರಿನಿಂದಲೇ ಜಿಡ್ಡು ಬಿಡುತ್ತದೆ.

ಅವಸರಕ್ಕೆ ಕಾಸ್ಟಿಕ್ ಸೋಡಾ ಸುರಿಯುವವರಿದ್ದಾರೆ. ವಿದೇಶಿ ಗ್ರಿಲ್‌ಗಳ ಒಳಪೆಟ್ಟಿಗೆ ಅನೇಕ ವೇಳೆ ಅಲ್ಯೂಮಿನಿಯಂ ಎರಕದ್ದು. ಕಾಸ್ಟಿಕ್ ಸೋಡಾ ಅದನ್ನೇ ತಿಂದು ಹಾಕುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಶೌಚಾಲಯದ ಆ್ಯಸಿಡ್ ಸ್ಟೀಲನ್ನು ಕೆಡಿಸುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಎರಡನ್ನೂ ಬೆರೆಸಿದರಂತೂ ಕ್ಲೋರಿನ್ ಅನಿಲ ಎದ್ದು ಉಸಿರಾಟಕ್ಕೇ ಅಪಾಯ. ಆಸ್ತಮಾ ಇರುವವರ ಮನೆಯಲ್ಲಿ ಇದು ಪ್ರಾಣಾಂತಿಕವಾದೀತು.

ಸ್ಟೀಲ್ ತಂತಿಯ ಬ್ರಷ್‌ನಿಂದ ಜಾಲರಿ ಉಜ್ಜಬೇಡಿ. ಸವೆದ ಬ್ರಷ್‌ನ ಕೂದಲೆಳೆಯಂಥ ತಂತಿ ಜಾಲರಿಗೆ ಅಂಟಿಕೊಂಡು, ಅಲ್ಲಿಂದ ಮಾಂಸಕ್ಕೆ, ಮಾಂಸದಿಂದ ಗಂಟಲಿಗೆ ಹೋಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಇಂಥ 6 ಪ್ರಕರಣಗಳನ್ನು ವರದಿ ಮಾಡಿತು. ಕೆಲವರಿಗೆ ತಂತಿ ಗಂಟಲಲ್ಲಿ ಚುಚ್ಚಿಕೊಂಡಿತ್ತು, ಕೆಲವರಿಗೆ ಕರುಳನ್ನೇ ಚುಚ್ಚಿ ಶಸ್ತ್ರಚಿಕಿತ್ಸೆ ಬೇಕಾಯಿತು. ಪ್ರತಿ ಬಾರಿ ಅಡುಗೆಗೆ ಮುನ್ನ ಜಾಲರಿ ಕಾಯಿಸಿ, ಅರ್ಧ ಹೋಳು ಈರುಳ್ಳಿಯನ್ನು ಸೀಖ್‌ಗೆ ಚುಚ್ಚಿ ಜಾಲರಿಯ ಮೇಲೆ ಉಜ್ಜಿ. ಅಂಟಿದ್ದು ಬಿಡುತ್ತದೆ, ಹಲ್ಲಿಗೂ ಕರುಳಿಗೂ ಭಯವಿಲ್ಲ.

ಕೆಲವು ಹಳೆಯ ಗ್ರಿಲ್‌ಗಳಲ್ಲಿ ಬರ್ನರ್ ಮೇಲೆ ಲಾವಾ ಕಲ್ಲು ಅಥವಾ ಪಿಂಗಾಣಿಯ ತುಂಡುಗಳಿರುತ್ತವೆ. ಅವು ಸ್ಪಂಜಿನಂತೆ ಹಿಂದಿನ ಮನೆಯವರ ಜಿಡ್ಡನ್ನೆಲ್ಲ ಹೀರಿಕೊಂಡಿರುತ್ತವೆ, ತೊಳೆದರೆ ಹೋಗುವುದಿಲ್ಲ. ಹಳೆಯದನ್ನು ಎಸೆದು ಹೊಸದು ಹಾಕಿ. ಕೊನೆಗೆ ಎಲ್ಲ ಒಣಗಿಸಿ, ಜೋಡಿಸಿ, ಸೋರಿಕೆ ಪರೀಕ್ಷಿಸಿ, ಮಾಂಸವಿಲ್ಲದೆ ಬರಿದೇ 20 ನಿಮಿಷ ದೊಡ್ಡ ಉರಿಯಲ್ಲಿ ಕಾಯಿಸಿ. ಉಳಿದ ಸೋಪು, ಜಿಡ್ಡು ಸುಟ್ಟುಹೋಗುತ್ತದೆ.

ಪಾಕಿಯ ಪ್ರಶ್ನೆ

"ಅದರ ಮೇಲೆ ಹಿಂದೆ ಏನು ಬೇಯಿಸಿದ್ದರೋ?" ಎಂಬ ಅಳುಕು ಅನೇಕ ತಾಯಂದಿರಿಗೆ ಇರುತ್ತದೆ. ಅದು ಸಹಜ. ಗ್ರಂಥದವರ ಪಾತ್ರೆಗಳ ಬಗ್ಗೆ ಅಬೂ ಸಅಲಬಾ(ರ) ಕೇಳಿದಾಗ, ಬೇರೆ ಪಾತ್ರೆ ಸಿಗದಿದ್ದರೆ ಅವನ್ನೇ ತೊಳೆದು ಬಳಸುವಂತೆ ಪ್ರವಾದಿ(ಸ) ತಿಳಿಸಿದ ವರದಿ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಿಮ್ಮ ಗ್ರಿಲ್‌ನ ನಿರ್ದಿಷ್ಟ ಸಂದರ್ಭಕ್ಕೆ ಏನು ಎಂಬುದನ್ನು ನಿಮ್ಮ ಮಸೀದಿಯ ಆಲಿಮರನ್ನೇ ಕೇಳಿ. ವೈದ್ಯನಾಗಿ ನಾನು ಹೇಳುವುದಿಷ್ಟು: ಹಳೆಯ ಜಿಡ್ಡಿನ ಕುರುಹೂ ವಾಸನೆಯೂ ಉಳಿಯದಂತೆ ತೊಳೆಯುವುದು ಮನಸ್ಸಿನ ಸಮಾಧಾನಕ್ಕೂ ಬೇಕು, ಹೊಟ್ಟೆಯ ಆರೋಗ್ಯಕ್ಕೂ ಬೇಕು. ಮುಗ್ಗಿದ ಕೊಬ್ಬಿಗೆ ಇಲಿ, ಜಿರಳೆ ಬರುತ್ತವೆ. ಶೆಡ್‌ನಲ್ಲಿದ್ದ ಗ್ರಿಲ್‌ನಲ್ಲಿ ಇಲಿ ಹಿಕ್ಕೆ ಕಂಡರೆ ಒಣಗಿದ್ದನ್ನು ಗುಡಿಸದೆ, ಕೈಗವಸು ಹಾಕಿ, ಬ್ಲೀಚಿಂಗ್ ನೀರಿನಿಂದ ಮಾತ್ರ ನೆನೆಸಿ ಒರೆಸಿ ತೆಗೆಯಿರಿ. ಆ ಭಾಗವನ್ನು ಬರಿ ನೀರಿನಲ್ಲಿ ತೊಳೆದ ಮೇಲೆಯೇ ಸೋಪು ಮುಟ್ಟಿಸಿ.

ಗ್ರಿಲ್ ಮನೆಯೊಳಗೆ ಬೇಡ

ಇದು ಈ ಲೇಖನದ ಅತಿ ಮುಖ್ಯ ಮಾತು. ಗ್ರಿಲ್ ಇರಬೇಕಾದದ್ದು ತೆರೆದ ಆಕಾಶದ ಕೆಳಗೆ. ಅಡುಗೆಮನೆ, ಮುಚ್ಚಿದ ವರಾಂಡಾ, ಶಟರ್ ಅರ್ಧ ಎಳೆದ ಅಂಗಡಿ, ತಗಡಿನ ಶೆಡ್ ಯಾವುದೂ ಅಲ್ಲ. ಗಾಳಿ ಸಾಲದೆ ಉರಿಯುವ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಮಂಪರು, ಆಮೇಲೆ ಏಳಲಾಗದ ನಿದ್ದೆ. "ಬಿರಿಯಾನಿ ಜಾಸ್ತಿ ಆಯ್ತು, ಅದಕ್ಕೇ ತಲೆ ಭಾರ" ಎಂದು ಮಲಗಿಬಿಡುವುದೇ ಅಪಾಯ. ಒಂದೇ ಕಡೆ ಇದ್ದ ಹಲವರಿಗೆ ಒಟ್ಟಿಗೆ ತಲೆನೋವು ಬಂದರೆ ಎಲ್ಲರನ್ನೂ ಹೊರಗೆ ಕರೆತಂದು, ಬೆಂಕಿ ನಂದಿಸಿ, 108ಕ್ಕೆ ಕರೆ ಮಾಡಿ. ಇದಕ್ಕೆ ಮದ್ದು ಆಮ್ಲಜನಕ. ನನ್ನ ದವಾಖಾನೆಯ ಯಾವ ಶರಬತ್ತೂ ಅಲ್ಲ.

ಇದ್ದಿಲಿನ ಶಿಗಡಿ ಇದಕ್ಕಿಂತ ಹೆಚ್ಚು ಮಾನಾಕ್ಸೈಡ್ ಬಿಡುತ್ತದೆ. ಚಳಿಗಾಲದ ರಾತ್ರಿ ಉಳಿದ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವ ರೂಢಿ ಕೂಡಲೇ ನಿಲ್ಲಲಿ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಲಿ, ಗ್ರಿಲ್‌ನ ಶಾಖದಿಂದ ದೂರವಿರಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿದು ನಿಲ್ಲುತ್ತದೆ. ಚರಂಡಿ, ನೀರಿನ ಸಂಪು, ನೆಲಮಾಳಿಗೆಯ ಹತ್ತಿರ ಇಡಬೇಡಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಡುಗೆ ಮುಗಿದ ಮೇಲೆ ಸಿಲಿಂಡರ್ ಅನ್ನು ಮಾಳಿಗೆಯ ಬಿಸಿಲಿನಲ್ಲಿ ಬಿಡದೆ ಗಾಳಿಯಾಡುವ ನೆರಳಿಗೆ ತನ್ನಿ. ಜಿಡ್ಡಿನ ತಟ್ಟೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಗ್ಯಾಸ್ ಮುಚ್ಚಿ, ಮುಚ್ಚಳ ಹಾಕಿ, ಸಾಧ್ಯವಾದರೆ ಅಡುಗೆ ಸೋಡಾ ಚೆಲ್ಲಿ.

ಮಾಂಸ ಇಡುವಾಗ

ಹಳೆಯ ಗ್ರಿಲ್‌ನ ಮುಚ್ಚಳದ ಉಷ್ಣಮಾಪಕವನ್ನು ನಂಬಬೇಡಿ. ಬಿಚ್ಚಿ ಕುದಿಯುವ ನೀರಿಗೆ ಅದರ ಮೊನೆ ಹಿಡಿಯಿರಿ. ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ನೀರು 98-99 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಳ್ಳು ಅಲ್ಲಿಗೆ ಬಾರದಿದ್ದರೆ ಬದಲಿಸಿ. ಮಾಂಸದ ಒಳಕ್ಕೆ ಚುಚ್ಚುವ ಸಣ್ಣ ಥರ್ಮಾಮೀಟರ್ ಒಂದಿದ್ದರೆ ಇನ್ನೂ ಒಳ್ಳೆಯದು. ಕೋಳಿ ಒಳಗೆ 74 ಡಿಗ್ರಿ, ಖೀಮಾ ಕಬಾಬ್ 71 ಡಿಗ್ರಿ ಮುಟ್ಟಲೇಬೇಕು. ಹೊರಗೆ ಕರಕಲಾಗಿ ಒಳಗೆ ಹಸಿ ಉಳಿದ ಕಬಾಬ್‌ನಿಂದಲೇ ಹಬ್ಬದ ಮರುದಿನ ಭೇದಿ ಶುರುವಾಗುವುದು. ಬಿಸಿಲಿನ ದಿನ ಹಸಿ ಮಾಂಸವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಹಸಿ ಮಾಂಸದ ತಟ್ಟೆಗೇ ಬೆಂದದ್ದನ್ನು ಹಾಕಬೇಡಿ.

ಕೊಬ್ಬು ಬೆಂಕಿಗೆ ತೊಟ್ಟಿಕ್ಕಿ ಎದ್ದ ಹೊಗೆಯಲ್ಲೂ, ಕರಕಲಾದ ಅಂಚಿನಲ್ಲೂ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲ ವಸ್ತುಗಳು ಹುಟ್ಟುತ್ತವೆ ಎಂದು ಆಧುನಿಕ ವಿಜ್ಞಾನ ಹೇಳುತ್ತದೆ. ಸುಟ್ಟ ಮಾಂಸ ದೇಹದಲ್ಲಿ ಉಷ್ಣ ಮತ್ತು ಶುಷ್ಕತೆ ಹೆಚ್ಚಿಸುತ್ತದೆ ಎಂಬುದು ಯುನಾನಿ ದೃಷ್ಟಿ. ಎರಡರ ಸಲಹೆಯೂ ಒಂದೇ ಕಡೆ ಸೇರುತ್ತದೆ: ಮಾಂಸಕ್ಕೆ ಮೊಸರು, ನಿಂಬೆ, ಶುಂಠಿ ಬೆಳ್ಳುಳ್ಳಿ ಹಚ್ಚಿ ನೆನೆಸಿ, ಹೆಚ್ಚಿನ ಕೊಬ್ಬು ಕತ್ತರಿಸಿ, ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಬೇಯಿಸಿ, ಕರಕಲು ಭಾಗ ಕಿತ್ತೆಸೆಯಿರಿ. ಜೊತೆಗೆ ಪುದೀನ ಚಟ್ನಿ, ಸೌತೆಕಾಯಿ, ಮೂಲಂಗಿ, ಮಜ್ಜಿಗೆ ಇರಲಿ. ಗ್ಯಾಸ್ ಗ್ರಿಲ್‌ನ ನಿಜವಾದ ಅನುಕೂಲವೇ ಇದು. ಉರಿಯನ್ನು ಇಳಿಸಲು ಬರುತ್ತದೆ.

ಸುಟ್ಟರೆ ಏನು ಮಾಡಬೇಕು?

ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಉಂಗುರ, ಬಳೆ ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲಾಗದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಶಿನ, ತುಪ್ಪ ಏನನ್ನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಮುಖ, ಕೈ, ಕಣ್ಣು, ಜನನಾಂಗದ ಭಾಗ ಸುಟ್ಟಿದ್ದರೆ, ಅಂಗೈಗಿಂತ ದೊಡ್ಡ ಗಾಯವಿದ್ದರೆ, ಮಗುವಿಗೆ ಸುಟ್ಟಿದ್ದರೆ, ಮನೆಮದ್ದೂ ಬೇಡ, ನಮ್ಮ ಮರಹಮ್ಮೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ. ಗಾಯ ಮಾಗಿದ ನಂತರದ ಆರೈಕೆಗೆ ನಾವಿದ್ದೇವೆ.

ಲೆಕ್ಕ ಹಾಕಿ ನೋಡಿ

ಗ್ರಿಲ್‌ನ ಬೆಲೆಗೆ ಪೈಪ್, ರೆಗ್ಯುಲೇಟರ್, ಬರ್ನರ್, ಜಾಲರಿ, ಸಾಗಣೆ, ಮೆಕ್ಯಾನಿಕ್ ಕೂಲಿ ಎಲ್ಲ ಕೂಡಿಸಿ. ಆ ಮೊತ್ತ ಅದೇ ದರ್ಜೆಯ ಹೊಸ ಗ್ರಿಲ್‌ನ ಅರ್ಧ ಬೆಲೆ ದಾಟಿದರೆ ಬೇಡ. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ. ಕಂಪನಿಯ ಹೆಸರು ದೊಡ್ಡದಿದ್ದು ಬರ್ನರ್ ಸಿಗದಿದ್ದರೆ ಅದು ಬರಿಯ ಸ್ಟೀಲ್ ಪೆಟ್ಟಿಗೆ. ಇಬ್ಬರು ಮೂವರು ಸಂಬಂಧಿಕರು ಸೇರಿ ಒಂದು ಒಳ್ಳೆಯ ಗ್ರಿಲ್ ಕೊಂಡು, ಹಬ್ಬ ಮದುವೆಗಳಿಗೆ ಹಂಚಿಕೊಳ್ಳುವುದು ಇನ್ನೂ ಉತ್ತಮ. ಆದರೆ ಪ್ರತಿ ಬಾರಿ ಮನೆ ಬದಲಾದಾಗಲೂ ಸೋಪಿನ ನೀರಿನ ಪರೀಕ್ಷೆ ಆಗಲೇಬೇಕು.

ನೀವೇ ಮಾರುವವರಾದರೆ? ಬರ್ನರ್ ತುಕ್ಕು ಹಿಡಿದಿದೆ, ಒಂದು ನಾಬ್ ಬಿಗಿಯಾಗಿದೆ, ಪೈಪ್ ಹಳೆಯದು ಎಂಬುದನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಸರಕಿನ ದೋಷ ಮುಚ್ಚಿಟ್ಟು ಮಾರುವುದು ನಮ್ಮಲ್ಲಿ ನಿಷಿದ್ಧ. ಮುಚ್ಚಿಟ್ಟ ದೋಷ ಬಟ್ಟೆಯದ್ದಾದರೆ ನಷ್ಟ ಹಣದ್ದು ಮಾತ್ರ. ಗ್ಯಾಸ್ ಗ್ರಿಲ್‌ನದ್ದಾದರೆ ಸುಡುವುದು ಇನ್ನೊಬ್ಬರ ಮನೆಯ ಮಗುವಿನ ಕೈ.